ಮಾವನವರು ಕುಡಿದಿರಲಿಲ್ಲ

ಶ್ರೀ ವೀತರಾಗಾಯ ನಮಃ

ಹೊಳೆನರಸೀಪುರ
೧೧ ಸೆಪ್ಟೆಂಬರ್ ೧೯೩೮

ಪ್ರಿಯ ಭಾವ ವಿಮಲಕುಮಾರನಿಗೆ ಅನಂತರಾಜಯ್ಯನ ನಮಸ್ಕಾರ.

ಜಿನನಾಥಪುರದ ನಿನ್ನ ಮನೆಯಿಂದ ಹೊರಟು ಬಂದು ಹನ್ನೆರಡು ದಿನವಾಯಿತು. ಬಂದ ಮಾರನೆಯ ದಿನವೇ ಬರೆಯಬೇಕಾಗಿತ್ತು. ಹೊಳೆ ತುಂಬಿ ಇಳಿದ ಮೇಲೆ ಈ ಊರಿನಲ್ಲಿ ಚಳಿಜ್ವರ ಎಂದಿನಂತೆ ಹಾಜರಾಗಿದೆ. ಆಸ್ಪತ್ರೆಯ ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲ. ಕಾಂಪೌಂಡರ್ ದ್ಯಾವಯ್ಯ ಕ್ವಿನೈನು ಕಲಸಿ ಕಲಸಿ, ತನ್ನ ಮನೆಯ ಸಾರೂ ಕಹಿಯಾಗಿದೆ ಎನ್ನುತ್ತಾನೆ. ಆದ್ದರಿಂದ ತಡವಾಯಿತು. ಬೈಯುವುದಾದರೆ ಬೈದುಬಿಡು. ಹಾಸನದ ಹಾಸ್ಟೆಲಿನಲ್ಲಿ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದ ಕಾಲದಿಂದಲೂ ನಿನ್ನಿಂದ ಬೈಸಿಕೊಂಡು ನನಗೆ ಅಭ್ಯಾಸವಾಗಿದೆ.

ಆ ದಿನ ನಿನ್ನ ಮನೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ. ಮಾವನವರ ಆ ಕುಡಿತದ ಪ್ರಕರಣವಾದ ಮೇಲೆ ನಿಮ್ಮ ಮನೆಯವರು ಮುನಿಗಳಿಗೆ ಆಹಾರ ಕೊಡಲು ಬಾಗಿಲಲ್ಲಿ ನಿಲ್ಲಬಾರದೆಂದು ಊರಿನ ಹಿರಿಯರು ಹೇಳಿ ಹದಿನಾಲ್ಕು ವರ್ಷವಾಗಿತ್ತು. ಈ ಚಾತುರ್ಮಾಸದಲ್ಲಿ ಅವರು ಮನಸ್ಸು ಕರಗಿ ಒಪ್ಪಿದರು. ಮುನಿಗಳು ನಿನ್ನ ಬಾಗಿಲಿಗೇ ಬಂದು ನಿಂತರು. ದಿನಕ್ಕೊಂದೇ ಹೊತ್ತು, ನಿಂತು, ಜೋಡಿಸಿದ ಅಂಗೈಯಲ್ಲೇ ಉಣ್ಣುವವರು. ಕೊಡುವವರ ಕೈಯಿಂದ ಪಾತ್ರೆ ಬಿದ್ದರೆ ಅಂತರಾಯವಾಯಿತೆಂದು ಕೈ ಬಿಡಿಸಿ ಹೊರಟುಬಿಡುತ್ತಾರೆ. ಮರುದಿನದವರೆಗೆ ನೀರೂ ಇಲ್ಲ. ಇದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ನಿನ್ನ ತಂಗಿ ಮರುದೇವಿಗೆ ಗೊತ್ತಿಲ್ಲವೇ? ಎರಡನೆಯ ತುತ್ತಿಗೇ ಹಾಲಿನ ತಂಬಿಗೆಯನ್ನು ಯಾರೋ ಕಿತ್ತು ಎಸೆದ ಹಾಗೆ ಎಸೆದಳಲ್ಲ!

ದಾರಿಯುದ್ದಕ್ಕೂ ಗಾಡಿಯಲ್ಲಿ ಬೈದೆ. ಅವಳು ಹೇಳಿದ್ದು ಒಂದೇ ಮಾತು: “ನಾನು ಬಿಡ್ಲಿಲ್ಲ ಕಣ್ರೀ. ಕೈ ತಾನಾಗೇ ಹೋಯ್ತು.” ಕೈ ತಾನಾಗಿ ಹೋಗಲು ಅದೇನು ಹಟ್ಟಿ ಬಿಟ್ಟ ಕರುವೇ ಎಂದೆ. ಈಚೆಗೆ ಅವಳ ಗಮನ ಎಲ್ಲಿರುತ್ತದೋ ತಿಳಿಯದು. ನೀರು ಸೋಸುವ ಬಟ್ಟೆಯ ಹೊರಗೇ ಅರ್ಧ ಕೊಡ ಚೆಲ್ಲುತ್ತಾಳೆ. ಸಿಟ್ಟೂ ಹೆಚ್ಚಾಗಿದೆ. ಇರುವೆಗೂ ದಾರಿ ಬಿಟ್ಟು ನಡೆಯುತ್ತಿದ್ದವಳು ಮೊನ್ನೆ ಕೆಲಸದ ಹೊನ್ನಕ್ಕನ ಮೇಲೆ ಸೌಟು ಬೀಸಿದಳು. ರಕ್ತ ಕಡಮೆಯಾಗಿದೆ, ಅಷ್ಟೇ. ಕಬ್ಬಿಣದ ಟಾನಿಕ್ಕು ಕೊಡುತ್ತಿದ್ದೇನೆ.

ಊರವರು “ಅಪ್ಪನ ಕೈಯೇ ಮಗಳಿಗೆ” ಎಂದು ಆಡಿಕೊಂಡರೆಂದು ನೀನು ನೊಂದುಕೊಂಡೆ. ಆಡುವವರ ಬಾಯಿಗೆ ಬೀಗವುಂಟೇ? ನಾವು ಹೊರಡುವಾಗ ನೀನು ಮತ್ತೆ ಕೇಳಿದೆ, “ನಿಜವಾಗ್ಲೂ ಅಪ್ಪಯ್ಯನ ಬಾಯಲ್ಲಿ ವಾಸನೆ ಇತ್ತೇನೋ?” ಎಂದು. ಎಷ್ಟು ಸಲ ಹೇಳಲಿ? ಡಾಕ್ಟರಾದವನು ಮೂಗು ಮುಚ್ಚಿಕೊಂಡು ಡಾಕ್ಟರಿಕೆ ಮಾಡುವುದಿಲ್ಲ. ಆ ಮಾತನ್ನು ಇನ್ನು ಬಿಡು.

ಸಂತೋಷದ ವಿಷಯವೂ ಒಂದಿರಲಿ. ನಮ್ಮ ಚಕ್ರೇಶ್ವರಿ ನಿಮ್ಮ ಅಭಯಕುಮಾರನಿಗೆಂದು ದಿಂಬಿನ ಚೀಲಕ್ಕೆ ಕಸೂತಿ ಹಾಕುತ್ತಿದ್ದಾಳೆ. ನಾನು ಬಂದರೆ ಸೆರಗಿನಡಿ ಬಚ್ಚಿಡುತ್ತಾಳೆ. ಮಗಳು ತನ್ನ ತವರಿಗೇ ಸೊಸೆಯಾಗಿ ಹೋಗುತ್ತಾಳೆಂದು ಮರುದೇವಿಗೆ ಎಲ್ಲಿಲ್ಲದ ಹಿಗ್ಗು. ವೈಶಾಖದಲ್ಲಿ ಮುಗಿಸಿಬಿಡೋಣ.

ನಿನ್ನ ಮನೆಯವರಿಗೂ ಮಕ್ಕಳಿಗೂ ನನ್ನ ಆಶೀರ್ವಾದ.

ನಿನ್ನ
ಅನಂತರಾಜಯ್ಯ

·

ಶ್ರೀ ವೀತರಾಗಾಯ ನಮಃ

ಹೊಳೆನರಸೀಪುರ
೧೪ ಮಾರ್ಚ್ ೧೯೩೯

ವಿಮಲ,

ನಿನ್ನ ನಾಲ್ಕು ಕಾಗದಗಳೂ ಬಂದಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ. ಚನ್ನರಾಯಪಟ್ಟಣದ ಪಾತ್ರೆ ಅಂಗಡಿಯನ್ನು ಬಿಟ್ಟು ನೀನೇ ಹೊರಟು ಬರುತ್ತೇನೆಂದು ಕೊನೆಯದರಲ್ಲಿ ಬರೆದಿದ್ದೀಯೆ. ಬರಬೇಡ. ಮೊದಲು ಇದನ್ನು ಓದು. ಅಂಗಡಿಯಲ್ಲಿ ಓದಬೇಡ, ಮನೆಯಲ್ಲಿ ಎಲ್ಲರೆದುರಿಗೂ ಬೇಡ. ತೋಟದ ಬಾವಿಯ ಹತ್ತಿರ ಒಬ್ಬನೇ ಕುಳಿತು ಓದು. ಕ್ಷೇಮ ಸಮಾಚಾರ ಮೊದಲು ಬರೆಯುವುದು ಪದ್ಧತಿ. ಆ ಸಾಲನ್ನು ನಾನು ಬರೆಯಲಾರೆ.

ನಿನ್ನ ಪ್ರತಿ ಕಾಗದ ಬಂದಾಗಲೂ ವಿಷಯ ಓದುವ ಮುಂಚೆ ನಿನ್ನ ಅಕ್ಷರ ನೋಡುತ್ತೇನೆ. ಗೆರೆ ನೇರವಾಗಿದೆ, ಒತ್ತು ದೀರ್ಘಗಳು ತಮ್ಮ ಜಾಗದಲ್ಲಿವೆ. ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡುತ್ತೇನೆ. ಏಕೆಂದು ಮುಂದೆ ತಿಳಿಯುತ್ತದೆ.

ಮರುದೇವಿಗೆ ಆಗಿರುವುದು ರಕ್ತಹೀನತೆಯಲ್ಲ. ಸಂಕ್ರಾಂತಿಯ ಹೊತ್ತಿಗೆ ನನ್ನ ಕಣ್ಣಿಗೇ ಬಿತ್ತು. ನಾನು ನೋಡಿದೆ ಎಂದು ಹೇಳಿಕೊಳ್ಳಲೂ ನಾಚಿಕೆ, ತೋರಿಸಿಕೊಟ್ಟವಳು ಹೊನ್ನಕ್ಕ. ಸೂರ್ಯ ಮುಳುಗುವ ಮುಂಚಿನ ಊಟಕ್ಕೆ ನಾನು ಕುಳಿತಿದ್ದೆ. ಹೊನ್ನಕ್ಕ ಬಾಗಿಲಲ್ಲಿ ನಿಂತು, “ಬುದ್ಧೀ, ಅವ್ವಾರ ಕೈ ಒಸಿ ನೋಡಿ. ಸುಮ್ಕೆ ಕುಂತ್ರೂವೆ ಕೈ ಸುಮ್ಕಿರಾಕಿಲ್ಲ. ನನ್ಮೇಲೆ ಸೌಟು ಬೀಸುದ್ರು ಅಂದ್ರಲ್ಲ, ಅವರು ಬೀಸ್ಲಿಲ್ಲ ಕಣ್ ಬುದ್ಧಿ, ಅದೇ ಓಯ್ತು” ಎಂದಳು. ಹೆಂಡತಿ ಹೇಳಿದಾಗ ನಂಬದ ಮಾತನ್ನು ಕೆಲಸದವಳು ಹೇಳಿದ ಮೇಲೆ ನೋಡಿದೆ. ಬೆರಳುಗಳು ಒಂದೊಂದಾಗಿ ಏಳುತ್ತಿದ್ದವು, ಹಾರ್ಮೋನಿಯಂ ನುಡಿಸಿದ ಹಾಗೆ. ತೋಳು ತಟಕ್ಕನೆ ಮೇಲೆ ಹೋಗುತ್ತಿತ್ತು. ಹೋದ ಕೈಯನ್ನು ಅವಳು ಹಾಗೇ ಸೆರಗಿಗೋ ತುರುಬಿಗೋ ಒಯ್ದು, ಅದಕ್ಕೇ ಎತ್ತಿದಂತೆ ಮಾಡುತ್ತಿದ್ದಳು. ಎಷ್ಟು ಕಾಲದಿಂದ ಹೀಗೆ ಮುಚ್ಚಿಟ್ಟಿದ್ದಳೋ! ಇವಳಿಗೆ ಈಚೆಗೆ ಅಲಂಕಾರದ ಗೀಳು ಹತ್ತಿದೆ ಎಂದು ನಾನು ಹಾಸ್ಯ ಮಾಡಿದ್ದೆ.

ಎದುರಿಗೆ ಕೂರಿಸಿಕೊಂಡು ನನ್ನ ಎರಡು ಬೆರಳನ್ನು ಬಿಗಿಯಾಗಿ ಹಿಡಿ ಎಂದೆ. ಹಿಡಿದಳು, ಸಡಿಲವಾಯಿತು, ಮತ್ತೆ ಹಿಡಿದಳು. ಹಸುವಿನ ಹಾಲು ಕರೆಯುವ ಹಿಡಿತ. ನಾಲಗೆ ಚಾಚಿ ಹತ್ತು ಎಣಿಸುವವರೆಗೆ ಇಟ್ಟುಕೋ ಎಂದೆ. ಮೂರಕ್ಕೆ ಒಳಗೆ ಸೇರಿಕೊಂಡಿತು. “ನಾಚಿಕೆ ಆಗತ್ತೆ, ಹೋಗ್ರಿ” ಎಂದು ನಕ್ಕಳು. ನಾನೂ ನಗಬೇಕಾಯಿತು.

ಕೀಲುನೋವಿನ ಜ್ವರ ಬಂದ ಹುಡುಗಿಯರಲ್ಲಿ ಇಂಥ ಚೇಷ್ಟೆ ಕಾಣುತ್ತದೆ. ಅದು ನಾಲ್ಕಾರು ತಿಂಗಳಲ್ಲಿ ವಾಸಿಯಾಗುತ್ತದೆ. ಇದೂ ಅದೇ ಇರಲಿ ಎಂದು ಒಂದು ತಿಂಗಳು ಅದರ ಔಷಧವನ್ನೇ ಕೊಟ್ಟೆ. ಮೂವತ್ತೇಳು ವರ್ಷದವಳಿಗೆ ಅದು ಹೊಸದಾಗಿ ಬರುವುದಿಲ್ಲವೆಂದು ನನ್ನೊಳಗಿನ ಡಾಕ್ಟರು ಹೇಳುತ್ತಿದ್ದ, ಗಂಡ ಕಿವಿ ಮುಚ್ಚಿಕೊಂಡಿದ್ದ. ಆಮೇಲೆ ಟ್ರಂಕಿನ ತಳದಿಂದ ಹಳೆಯ ಪುಸ್ತಕ ತೆಗೆದೆ. ಎರಡೇ ಪುಟ, ವಿಮಲ. ಕೈಕಾಲು ತಾನಾಗಿ ಕುಣಿಯುವ ಕೊರಿಯಾ ಎಂಬ ರೋಗದಲ್ಲೇ ಒಂದು ವಿರಳ ಬಗೆ. ಮೊದಲು ಕೋಪ, ಮರೆವು, ಕೈಯಿಂದ ವಸ್ತು ಬೀಳುವುದು. ಆಮೇಲೆ ತೂರಾಟ, ತೊದಲು. ಕೊನೆಗೆ ಬುದ್ಧಿಯೂ ಹೋಗುತ್ತದೆ. ಹತ್ತು ಹದಿನೈದು ವರ್ಷ. ಔಷಧವಿಲ್ಲ. ಅದನ್ನು ಚೆನ್ನಾಗಿ ಬಣ್ಣಿಸಿದವನು ಅಮೆರಿಕದ ಒಬ್ಬ ಹಳ್ಳಿ ವೈದ್ಯನಂತೆ. ಅವನ ತಾತ, ತಂದೆ, ಅವನು, ಮೂವರೂ ಒಂದೇ ಸೀಮೆಯ ಮನೆತನಗಳನ್ನು ನೋಡಿಕೊಂಡು ಬಂದಿದ್ದರಿಂದ ಅದು ಗುರುತಿಗೆ ಸಿಕ್ಕಿತಂತೆ. ನಾನು ಒಂದೇ ಮನೆಯ ಎರಡು ತಲೆಮಾರಿನವರ ಜೊತೆ ಕುಳಿತು ಊಟ ಮಾಡಿಯೂ ಕಾಣಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು.

ಹೋದ ತಿಂಗಳು ರೈಲಿನಲ್ಲಿ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋದೆ. ನನಗೆ ಪಾಠ ಹೇಳಿದ್ದ ಹಿರಿಯ ಡಾಕ್ಟರು ಒಬ್ಬರು ಅಲ್ಲಿದ್ದಾರೆ. ಅವಳನ್ನು ನಡೆಸಿ ನೋಡಿದರು, ಬಟ್ಟಲಿನಿಂದ ಬಟ್ಟಲಿಗೆ ನೀರು ಹುಯ್ಯಿಸಿ ನೋಡಿದರು. ಕೊನೆಗೆ ಕೇಳಿದರು, “ಏನಮ್ಮಾ, ನಿಮ್ಮ ತಂದೆಯವರು ಯಾವುದರಿಂದ ತೀರಿಹೋದರು?”

ನಾನು ಬಾಯಿ ತೆರೆಯುವ ಮೊದಲೇ ಮರುದೇವಿ ನೆಲ ನೋಡುತ್ತಾ ಹೇಳಿದಳು: “ಕುಡಿತದಿಂದ, ಸ್ವಾಮಿ. ಹಾಗಂತ ನಮ್ಮ ಯಜಮಾನ್ರೇ ಹೇಳಿದ್ದು.”

ಹಿರಿಯ ಡಾಕ್ಟರು ನನ್ನ ಮುಖ ನೋಡಿದರು. ಕೈ ತೊಳೆಯಲು ಎದ್ದುಹೋದರು.

ಈಗ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ; ನಾನೇ ಹೇಳಿದ ಸುಳ್ಳನ್ನು ನಾನೇ ಅಳಿಸಬೇಕು. ನಿನ್ನ ತಂದೆ ಧರಣೇಂದ್ರಯ್ಯನವರು ಒಂದು ದಿನವೂ ಕುಡಿದವರಲ್ಲ. ಆ ತೂರಾಟ, ಆ ತೊದಲು, ಬಸದಿಯಲ್ಲಿ ಅಭಿಷೇಕದ ಕಲಶ ಕೆಡವಿದ್ದು, ನಿಮ್ಮ ತಾಯಿಯ ಮೇಲೆ ಚೊಂಬು ಎಸೆದದ್ದು, ಎಲ್ಲವೂ ಈ ರೋಗವೇ. ಮೈಸೂರಿನಿಂದ ಬಂದ ವಾರವೇ, ಸಾಕ್ಷಿ ಕೂಡ ನನ್ನನ್ನು ಹುಡುಕಿಕೊಂಡು ಬಂದ ಹಾಗೆ, ಲಕ್ಕಯ್ಯ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದ. ಈಗ ಅರಕಲಗೂಡಿನ ಕಡೆ ಇದ್ದಾನೆ. ಆಗ ನಿಮ್ಮ ಸೀಮೆಗೆಲ್ಲ ಇದ್ದ ಒಂದೇ ಹೆಂಡದಂಗಡಿ ಅವನದು. ಕೇಳಿದೆ. “ಬಸ್ತಿ ದರಣೇಂದ್ರಯ್ಯಾರಾ ಸಾ? ಅವ್ರು ಒಂದಿನಾನೂ ನಮ್ಮಂಗ್ಡಿ ಕಡೀಕೆ ತಲೆ ಆಕಿದೋರಲ್ಲ. ಊರ್ನೋರು ಅಂಗಂತಿದ್ರು, ನಂಗೇ ಸೋಜಿಗ ಆಗ್ತಿತ್ತು. ನನ್ನ ಯಾರಾರ ಕೇಳಿದ್ರೆ ಯೇಳ್ತಿದ್ದೆ. ಯಾರೂ ಕೇಳ್ಲಿಲ್ಲ ಕಣ್ ಸಾ” ಎಂದ.

ಯಾರೂ ಕೇಳಲಿಲ್ಲ. ಡಾಕ್ಟರಾದ ಅಳಿಯನೇ ಹೇಳಿದ ಮೇಲೆ ಹೆಂಡದಂಗಡಿಯವನನ್ನು ಕೇಳುವವರು ಯಾರು?

ನನ್ನ ಮಾತು ನಂಬಿ ಹಿರಿಯರು ಅವರನ್ನು ಬಸದಿಯ ಪೂಜೆಯಿಂದ ದೂರವಿಟ್ಟರು. ನನ್ನ ಮಾತು ನಂಬಿ ನೀನು ಅವರಿಗೆ ಹಟ್ಟಿಯ ಪಕ್ಕದ ಕೋಣೆ ಕೊಟ್ಟೆ, ಐದು ವರ್ಷ ಅವರ ಪಂಕ್ತಿಯಲ್ಲಿ ಊಟಕ್ಕೆ ಕೂರಲಿಲ್ಲ. ಕೊನೆಯಲ್ಲಿ ಅನ್ನ ಗಂಟಲಿಗೆ ಸಿಕ್ಕಿ ಕೆಮ್ಮುತ್ತಿದ್ದಾಗ, ಆಹಾರ ಬಿಟ್ಟು ಸಮಾಧಿಮರಣದ ವ್ರತ ಕೊಡಿ ಎಂದು ಕೈಸನ್ನೆಯಿಂದ ಬೇಡಿದರು. ಕುಡುಕನಿಗೆಂಥ ವ್ರತ ಎಂದರು ಹಿರಿಯರು. ನೀನು ಬಾಗಿಲಾಚೆ ನಿಂತಿದ್ದೆ. ನಿನ್ನ ತಪ್ಪಿಲ್ಲ, ವಿಮಲ. ಆ ಬಾಗಿಲನ್ನು ಮುಚ್ಚಿದವನು ನಾನು.

ತಂದೆ ನಿರಪರಾಧಿ ಎಂಬುದಕ್ಕಿಂತ ಒಳ್ಳೆಯ ಸುದ್ದಿ ಮಗನಿಗೆ ಬೇರೆ ಇಲ್ಲ. ಈ ಒಳ್ಳೆಯ ಸುದ್ದಿಯ ಹೊಟ್ಟೆಯಲ್ಲೇ ವಿಷವಿದೆ. ಈ ರೋಗ ರಕ್ತದಲ್ಲಿ ಇಳಿಯುತ್ತದೆ. ರೋಗಿಯ ಮಕ್ಕಳಲ್ಲಿ ಅರ್ಧಕ್ಕರ್ಧ, ಪ್ರತಿ ಮಗುವಿಗೂ ಬೇರೆ ಬೇರೆಯಾಗಿ ಕವಡೆ ಎಸೆದ ಹಾಗೆ. ನಿಮ್ಮಿಬ್ಬರಲ್ಲಿ ಮರುದೇವಿಗೆ ಬಂದಿದೆ. ನಿನಗೆ ನಲವತ್ತನಾಲ್ಕಾಯಿತು, ಅಕ್ಷರ ನೇರವಾಗಿದೆ, ನನ್ನ ಮನಸ್ಸು ನೀನು ಪಾರಾದೆ ಎನ್ನುತ್ತದೆ. ಆದರೆ ಮಾವನವರಿಗೆ ಶುರುವಾದಾಗ ನಲವತ್ತೇಳು. ತಪ್ಪಿಸಿಕೊಂಡವರ ಮಕ್ಕಳಿಗೆ ಬರುವುದಿಲ್ಲ, ಅಲ್ಲಿಗೆ ದಾರ ಕಡಿದ ಹಾಗೆ. ನೀನು ಪಾರಾಗಿದ್ದರೆ ನಿನ್ನ ಅಭಯನೂ, ಅವನ ಇಬ್ಬರು ತಂಗಿಯರೂ ಪಾರು.

ನನ್ನ ಚಕ್ರೇಶ್ವರಿಗೆ ಆ ಮಾತು ಹೇಳುವ ಹಾಗಿಲ್ಲ.

ಆದ್ದರಿಂದ ಮದುವೆ ಬೇಡ. ವೀಳ್ಯಶಾಸ್ತ್ರವಾದ ಸಂಬಂಧವನ್ನು ಹೆಣ್ಣಿನ ಕಡೆಯವರು ಮುರಿಯುವುದು ಎಲ್ಲೂ ಇಲ್ಲ, ನಾನು ಮುರಿಯುತ್ತಿದ್ದೇನೆ. ಅವಳಿಗೆ ಹದಿನೇಳು. ಅವಳಿಗೆ ಇದೆಯೇ ಇಲ್ಲವೇ ಎಂದು ತಿಳಿಯಲು ಇನ್ನೂ ಇಪ್ಪತ್ತು ವರ್ಷ ಕಾಯಬೇಕು. ಅಷ್ಟರಲ್ಲಿ ಅವಳ ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ. ಗೊತ್ತಿದ್ದೂ ನಿನ್ನ ಮನೆಗೆ ಹೇಗೆ ಕಳಿಸಲಿ? ಬೇರೆಯವರ ಮನೆಗೆ ತಾನೇ ಹೇಗೆ ಕಳಿಸಲಿ? ಮದುವೆ ಮುಂದೆ ಹೋಯಿತೆಂದು ಮಾತ್ರ ಅವಳಿಗೆ ಹೇಳಿದ್ದೇನೆ. ಕಾರಣ ಕೇಳಲಿಲ್ಲ. ದಿಂಬಿನ ಚೀಲವನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಅವಳ ಬೆರಳುಗಳನ್ನು ನೋಡದಿರಲು ನಾನು ಪತ್ರಿಕೆ ಎತ್ತಿಕೊಂಡೆ. ಈಗೀಗ ಮಗಳು ಒಂದು ಲೋಟ ಕೆಳಗಿಟ್ಟ ಸದ್ದಾದರೂ ಓದುವುದನ್ನು ಬಿಟ್ಟು ಎದ್ದು ನಿಲ್ಲುತ್ತೇನೆ.

ಮರುದೇವಿಗೆ ಹೇಗೆ ಹೇಳಿದೆ ಎಂದು ಕೇಳುತ್ತೀಯೆ. ಮೈಸೂರಿನಿಂದ ಬರುವ ರೈಲಿನಲ್ಲೇ ಹೇಳಿದೆ. ಇದು ನಿಮ್ಮಪ್ಪನಿಗೂ ಇದ್ದ ರೋಗ, ಗುಣವಾಗುವುದಿಲ್ಲ ಎಂದೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಅಳುತ್ತಾಳೆಂದು ಕಾದೆ. ತಿರುಗಿದಾಗ ಅವಳ ಮುಖ ಅರಳಿತ್ತು. “ಹಾಗಾದ್ರೆ ಅಪ್ಪಯ್ಯ ಕುಡೀತಿರ್ಲಿಲ್ಲ?” ಎಂದಳು. ಇಲ್ಲ ಎಂದೆ. “ಕುಡೀತಿರ್ಲಿಲ್ಲ ಅಲ್ವಾ? ಇನ್ನೊಂದ್ಸಲ ಹೇಳ್ರಿ” ಎಂದಳು. ಮೂರು ಸಲ ಹೇಳಿಸಿದಳು. ಆಮೇಲೆ ಕೈ ಮುಗಿಯಲು ಹೋದಳು, ಕೈಗಳು ಒಂದನ್ನೊಂದು ತಪ್ಪಿಸಿಕೊಂಡು ಹೋದವು. ನಾನು ಹಿಡಿದು ಜೋಡಿಸಿದೆ. ತನ್ನ ಸಾವಿನ ಸುದ್ದಿಯನ್ನು ಹಬ್ಬದ ಸುದ್ದಿಯಂತೆ ತೆಗೆದುಕೊಂಡವಳ ಎದುರಿಗೆ ಕುಳಿತಿರುವುದು ಎಂಥ ಶಿಕ್ಷೆ ಎಂದು ನಿನಗೆ ಹೇಗೆ ತಿಳಿಸಲಿ!

ಮದುವೆಯ ವಿಷಯವನ್ನು ನಾನು ಎತ್ತಲಿಲ್ಲ. ಅವಳೇ ನಿನ್ನೆ, “ಚಕ್ರೀನ ಅಣ್ಣನ ಮನೆಗೆ ಕೊಡೋದು ಬೇಡ. ಆ ಬಾಗಿಲಲ್ಲಿ ನಮ್ಮಿಂದ ಇನ್ನೊಂದು ಅಂತರಾಯ ಆಗೋದು ಬೇಡ. ಅಪ್ಪಯ್ಯನ ವಿಷಯ ಮಾತ್ರ ಅಣ್ಣಂಗೆ ಬರೀರಿ” ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಇನ್ನು ಒಂದು ತೀರ್ಮಾನ ನಿನ್ನದು. ಜಿನನಾಥಪುರಕ್ಕೆ ಬಂದು, ಅದೇ ಬಸದಿಯ ಅಂಗಳದಲ್ಲಿ ಹಿರಿಯರೆದುರಿಗೆ ನಿಂತು, ಧರಣೇಂದ್ರಯ್ಯನವರು ಕುಡಿದಿರಲಿಲ್ಲ, ನಾನು ಹೇಳಿದ್ದು ತಪ್ಪು ಎಂದು ಹೇಳಲು ನಾನು ಸಿದ್ಧ. ಆದರೆ ಹಾಗಾದರೆ ಅವರಿಗೇನಾಗಿತ್ತು ಎಂದು ಅವರು ಕೇಳುತ್ತಾರೆ. ಹೇಳಿದರೆ ಅಭಯನಿಗೆ ಹೆಣ್ಣು ಕೊಡುವವರಿಲ್ಲ, ಅವನ ತಂಗಿಯರನ್ನು ಕೇಳುವವರಿಲ್ಲ. ಕುಡುಕನ ಮೊಮ್ಮಕ್ಕಳನ್ನು ಜನ ಕ್ಷಮಿಸಿದ್ದಾರೆ. ರೋಗಿಯ ಮೊಮ್ಮಕ್ಕಳನ್ನು ಕ್ಷಮಿಸುವುದಿಲ್ಲ. ತಂದೆಯ ಮಾನವೋ ಮಕ್ಕಳ ಬಾಳೋ ಎಂದು ನಿನ್ನನ್ನು ಕೇಳಬೇಕಾದ ಗತಿ ತಂದಿಟ್ಟವನು ನಾನು. ಒಂದು ಕಾರ್ಡಿನಲ್ಲಿ ಬಾ ಅಥವಾ ಬೇಡ ಎಂದು ಬರೆ, ಸಾಕು. ಮದುವೆ ಮುರಿದದ್ದಕ್ಕೆ ಜನ ಕಾರಣ ಕೇಳಿದರೆ, ಡಾಕ್ಟರಿಗೆ ಜಂಬ ಬಂದಿದೆ, ಪಟ್ಟಣದ ಅಳಿಯ ಬೇಕಂತೆ ಎಂದುಬಿಡು. ಎಲ್ಲರೂ ನಂಬುತ್ತಾರೆ.

ಅಭಯನಿಗೆ ನನ್ನ ಆಶೀರ್ವಾದ. ಒಳ್ಳೆಯ ಹುಡುಗ, ಅವನಿಗೆ ಬೇರೆ ಕಡೆ ಬೇಗ ನೋಡು. ನಿನ್ನ ಹೆಣ್ಣುಮಕ್ಕಳು ನೂರ್ಕಾಲ ಬಾಳಲಿ. ಈ ಮಾತನ್ನು ಇಷ್ಟು ಭಯದಿಂದ ನಾನು ಯಾವತ್ತೂ ಬರೆದಿರಲಿಲ್ಲ. ನಿನ್ನ ಮನೆಯವರ ಕ್ಷಮೆ ಕೇಳಿದೆನೆಂದು ಹೇಳು. ನಿನಗೆ ಜಿನದೇವ ಗಟ್ಟಿ ಕೈ ಕೊಡಲಿ.

ಇಂತು ನಿನ್ನ
ಅನಂತರಾಜಯ್ಯ

ತಾ.ಕ. ಕಾಗದ ಮಡಿಸಿ, ಲಕೋಟೆಗೆ ಹಾಕಿ, ಮತ್ತೆ ತೆಗೆದೆ. ರೈಲು ಇಳಿಯುವಾಗ ಮರುದೇವಿ ಒಂದು ಮಾತು ಕೇಳಿದಳು: “ಹಾಗಾದ್ರೆ ಆ ವಾಸನೆ?” ಯಾವುದೋ ನಾಟಿ ಅರಿಷ್ಟ ಕುಡಿದಿದ್ದಿರಬೇಕು ಎಂದೆ. ಪಾಪ, ನಂಬಿದಳು. ನೀನೂ ಕೇಳುತ್ತೀಯೆ. ನಿನಗೂ ಅದನ್ನೇ ಹೇಳಲು ಲೇಖನಿ ಎತ್ತಿದೆ, ಆಗಲಿಲ್ಲ. ಆ ದಿನ ಬಸದಿಯ ಅಂಗಳದಲ್ಲಿ ಹಿರಿಯರೆಲ್ಲ ಕುಳಿತಿದ್ದರು. ಮಾವನವರು ನನ್ನ ಕಡೆ ತಿರುಗಿ, “ಅಳಿಯಂದ್ರೆ, ನೀವು ಓದಿದೋರು. ಹತ್ರ ಬಂದು ನನ್ನ ಬಾಯಿ ಮೂಸಿ ನೋಡಿ, ಇದ್ದದ್ದು ಹೇಳ್ಬಿಡಿ” ಎಂದರು. ತಲೆ ಅಲುಗಾಡುತ್ತಿತ್ತು. ಬಾಯಿ ಮುಚ್ಚಿಹೋಗದಿರಲೆಂದು ಎರಡು ಕೈಯಿಂದ ದವಡೆ ಹಿಡಿದುಕೊಂಡಿದ್ದರು. ಅಷ್ಟು ಜನರೆದುರಿಗೆ ಜೊಲ್ಲು ಸುರಿಯುವ ಬಾಯಿಗೆ ಮೂಗು ಒಡ್ಡಲು ನನಗೆ ಹೇಸಿಗೆಯಾಯಿತು, ಅವಮಾನವೆನಿಸಿತು. ನೋಡಿದ ಕೂಡಲೇ ಕುಡಿತವೆಂದು ಮೊದಲೇ ತೀರ್ಮಾನಿಸಿದ್ದೆ. ನಿಂತಲ್ಲಿಂದಲೇ “ವಾಸನೆ ಇದೆ” ಎಂದೆ. ನಾನು ಮೂಸಿ ನೋಡಲಿಲ್ಲ, ವಿಮಲ. ಅವರಿಗೆ ನನ್ನ ಮಾತು ಕೇಳಿಸಲಿಲ್ಲವೋ ಏನೋ. ನಾನು ಹತ್ತಿರ ಬರುತ್ತೇನೆಂದು ಇನ್ನೂ ಬಹಳ ಹೊತ್ತು ಬಾಯಿ ತೆರೆದುಕೊಂಡೇ ನಿಂತಿದ್ದರು.